ಹಕ್ಕಿಗಳ ಆಸ್ಪತ್ರೆಯಲ್ಲಿ ಆರು ವಾರ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಚಿಕೆಯ ಮಂಡಲಿಯವರು ಕೇಳಿದಾಗ, ಪ್ರತಿಸಾರಿಯಂತೆ ಸಮಯಪಾಲನೆಯನ್ನೋ ಶುಚಿತ್ವವನ್ನೋ ಕುರಿತು ನಾಲ್ಕು ಮಾತು ಬರೆದು ಕರ್ತವ್ಯವನ್ನು ತೀರಿಸಿಬಿಡಬೇಕೆಂದಿದ್ದೆವು. ಆದರೆ ಮಂಡಲಿಯಲ್ಲಿದ್ದ ಹತ್ತನೆಯ ತರಗತಿಯ ಬಾಲಿಕೆಯೊಬ್ಬಳು ಧೈರ್ಯಮಾಡಿ, "ಟೀಚರ್, ಆಫ್ರಿಕದ ವಿಷಯ ಬರೆಯಿರಿ. ನೀವು ಅಲ್ಲಿ ಹಕ್ಕಿಗಳ ಹಿಕ್ಕೆ ತೊಳೆದಿರೆಂದು ಎಲ್ಲರೂ ಹೇಳುತ್ತಾರೆ; ನಿಜವೇ?" ಎಂದು ಕೇಳಿದಳು. ನಿಜವೆಂದು ಒಪ್ಪಿಕೊಂಡೆವು. ಹಾಗಾದರೆ ಅದನ್ನೇ ಬರೆಯಬೇಕೆಂದು ಎಲ್ಲರೂ ಹಟಹಿಡಿದರು. ಆದಕಾರಣ ಈ ಲೇಖನ. ಇದರಲ್ಲಿ ಹಕ್ಕಿಗಳ ವೃತ್ತಾಂತದೊಂದಿಗೆ ನಮ್ಮದೊಂದು ತಪ್ಪಿನ ವೃತ್ತಾಂತವೂ ಸೇರಿಕೊಂಡಿದೆ. ಮಕ್ಕಳ ತಪ್ಪುಗಳನ್ನು ಇಪ್ಪತ್ತಮೂರು ವರ್ಷಗಳಿಂದ ಕೆಂಪು ಶಾಯಿಯಲ್ಲಿ ಗುರುತಿಸುತ್ತ ಬಂದವರು ತಮ್ಮದನ್ನು ಒಮ್ಮೆಯಾದರೂ ಕಪ್ಪು ಶಾಯಿಯಲ್ಲಿ ಅಚ್ಚುಮಾಡಿಸುವುದು ನ್ಯಾಯವೆಂದು ತೋರುತ್ತದೆ.

ನಮ್ಮ ತಂಗಿಯು ವಿವಾಹವಾದ ಮೇಲೆ ದಕ್ಷಿಣ ಆಫ್ರಿಕದ ಕೇಪ್‌ಟೌನ್ ಪಟ್ಟಣದಲ್ಲಿ ವಾಸವಾಗಿದ್ದಾಳೆ. ವರ್ಷವರ್ಷವೂ ಅವಳು ಕರೆಯುತ್ತಿದ್ದಳು. ವರ್ಷವರ್ಷವೂ ನಾವು ಪರೀಕ್ಷೆ, ಪ್ರವೇಶ, ಬೋರ್ಡಿಂಗಿನ ಸುಣ್ಣಬಣ್ಣ ಎಂದು ಏನಾದರೊಂದು ನೆವವನ್ನು ಹೇಳುತ್ತಿದ್ದೆವು. ಕೊನೆಗೆ ೨೦೨೫ರ ಬೇಸಗೆಯ ರಜೆಯಲ್ಲಿ ಹೊರಡುವುದೆಂದು ನಿಶ್ಚಯಿಸಿದೆವು. ಆದರೆ ನಲವತ್ತೇಳು ವರ್ಷಗಳಲ್ಲಿ ಸುಮ್ಮನೆ ಕುಳಿತು ಅಭ್ಯಾಸವಿಲ್ಲದ ನಮಗೆ ಆರು ವಾರಗಳ ಕಾಲ ತಂಗಿಯ ಮನೆಯಲ್ಲಿ ಕುಳಿತಿರುವುದು ಹೇಗೆಂಬ ಚಿಂತೆ ಹತ್ತಿತು. ಅವಳ ಮನೆಗೆ ಸಮೀಪದಲ್ಲಿ ಕಡಲಹಕ್ಕಿಗಳ ಆಸ್ಪತ್ರೆಯೊಂದಿದೆಯೆಂದೂ, ಪರದೇಶದವರೂ ಬಂದು ಸಂಬಳವಿಲ್ಲದೆ ಅಲ್ಲಿ ಕೆಲಸಮಾಡುತ್ತಾರೆಂದೂ ಅವಳು ಹಿಂದೆ ಬರೆದಿದ್ದಳು. ನಾವು ಅರ್ಜಿ ಹಾಕಿದೆವು. ಮೈಯಲ್ಲಿ ಶಕ್ತಿಯಿರಬೇಕು, ಧನುರ್ವಾಯುವಿನ ಚುಚ್ಚುಮದ್ದನ್ನು ಹಾಕಿಸಿಕೊಂಡಿರಬೇಕು, ಮೀನಿನ ವಾಸನೆಗೆ ಹೇಸಬಾರದು. ಕರಾವಳಿಯಲ್ಲಿ ಹುಟ್ಟಿ ಬೆಳೆದ ನಮಗೆ ಮೂರನೆಯದು ಕಷ್ಟವಾಗಿರಲಿಲ್ಲ.

ಹೊರಡುವ ದಿನ ಬೋರ್ಡಿಂಗಿನ ಉಗ್ರಾಣದ ಬೀಗದಕೈ ಗೊಂಚಲನ್ನು, ಯಾವಾಗಲೂ ಅದನ್ನು ನೋಡಿಕೊಳ್ಳುತ್ತಿದ್ದವಳ ಕೈಯಲ್ಲಿಯೇ ಬಿಟ್ಟೆವು. ಆರನೆಯ ವಯಸ್ಸಿನಲ್ಲಿ ಅಜ್ಜಿಯ ಕೈ ಹಿಡಿದುಕೊಂಡು ಬಂದು ನಮ್ಮಲ್ಲಿಯೇ ಬೆಳೆದು ದೊಡ್ಡವಳಾದ ಅವಳನ್ನು ಹಳೆಯ ವಿದ್ಯಾರ್ಥಿನಿಯರೆಲ್ಲರೂ ಬಲ್ಲರು. ಅವಳ ಕಥೆಯನ್ನು ಇಲ್ಲಿ ಹೇಳುವುದಕ್ಕೆ ಅವಳೇ ಒಪ್ಪಿಗೆ ಕೊಟ್ಟಿದ್ದಾಳೆ. ಹೆಸರು ಮಾತ್ರ ಬೇಡವೆಂದಿದ್ದಾಳೆ. "ನಾನಿಲ್ಲದೆ ಔಷಧಿ ತೆಗೆದುಕೊಳ್ಳಲು ಮರೆಯುತ್ತೀರಿ" ಎಂದು ಅವಳು ಗೇಟಿನ ಬಳಿ ನಿಂತು ಕಣ್ಣೊರೆಸಿಕೊಂಡಳು. ನಮ್ಮನ್ನು ಇಷ್ಟು ಪ್ರೀತಿಸುವವರುಂಟಲ್ಲಾ ಎಂದು ನಮಗೆ ಹೆಮ್ಮೆಯಾಯಿತು. ಈ ಹೆಮ್ಮೆಯ ವಿಷಯವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಕೇಪ್‌ಟೌನಿನ ಉತ್ತರಕ್ಕೆ ಟೇಬಲ್ ವ್ಯೂ ಎಂಬ ಬಡಾವಣೆಯುಂಟು. ಅಲ್ಲಿ ನಿಂತರೆ ಕೊಲ್ಲಿಯ ಆಚೆಗೆ, ತುದಿಯನ್ನು ಗರಗಸದಿಂದ ಕೊಯ್ದು ಸಮಮಾಡಿದಂತಿರುವ ಟೇಬಲ್ ಪರ್ವತವು ಕಾಣುತ್ತದೆ. ರೀಟ್‌ವ್ಲೇ ಎಂಬ ಜೌಗುನೆಲದ ಪಕ್ಕದಲ್ಲಿ ಸ್ಯಾಂಕಾಬ್ ಎಂದು ಸಂಕ್ಷೇಪವಾಗಿ ಕರೆಯಲ್ಪಡುವ ಸಂಸ್ಥೆಯ ಕಟ್ಟಡಗಳಿವೆ. ೧೯೬೮ರಲ್ಲಿ ಆ ಸಮುದ್ರದಲ್ಲಿ ಒಂದು ಹಡಗಿನಿಂದ ಎಣ್ಣೆಯು ಸೋರಿ ಹಕ್ಕಿಗಳು ಸಾಯುತ್ತಿದ್ದಾಗ, ಆಲ್ಥಿಯಾ ವೆಸ್ಟ್‌ಫಾಲ್ ಎಂಬ ಮಹಿಳೆಯು ಎಣ್ಣೆ ಮೆತ್ತಿದ ಹಕ್ಕಿಗಳನ್ನು ತನ್ನ ಮನೆಗೇ ತಂದು ಶುಶ್ರೂಷೆ ಮಾಡಿದಳು. ಅದರಿಂದ ಬೆಳೆದದ್ದು ಈ ಸಂಸ್ಥೆ. ಅಲ್ಲಿ ಕಡಲಕಾಗೆಗಳೂ, ನೀರುಕಾಗೆಗಳೂ, ಗ್ಯಾನೆಟ್ ಎಂಬ ದೊಡ್ಡ ಬಿಳಿಯ ಹಕ್ಕಿಗಳೂ ಬರುತ್ತವೆ. ಆದರೆ ಮುಖ್ಯ ರೋಗಿಯು ಆಫ್ರಿಕದ ಪೆಂಗ್ವಿನ್.

ಪೆಂಗ್ವಿನ್ ಎಂದ ಕೂಡಲೆ ನಮ್ಮ ಬಾಲಿಕೆಯರು ಹಿಮದ ಚಿತ್ರವನ್ನು ಬರೆಯುತ್ತಾರೆ. ಈ ಪೆಂಗ್ವಿನ್ ಹಿಮವನ್ನೇ ಕಂಡದ್ದಲ್ಲ. ನಮೀಬಿಯದಿಂದ ದಕ್ಷಿಣ ಆಫ್ರಿಕದ ಅಲ್ಗೋವಾ ಕೊಲ್ಲಿಯ ವರೆಗಿನ ದ್ವೀಪಗಳಲ್ಲಿಯೂ ದಡಗಳಲ್ಲಿಯೂ ಮಾತ್ರ ಅದು ಮರಿಮಾಡುತ್ತದೆ. ಎತ್ತರವು ಎರಡು ಅಡಿಗೆ ಸ್ವಲ್ಪ ಹೆಚ್ಚು. ತೂಕವು ಮೂರು ಕಿಲೊದ ಆಸುಪಾಸು. ಬೆನ್ನು ಕಪ್ಪು, ಹೊಟ್ಟೆ ಬಿಳುಪು, ಎದೆಯ ಮೇಲೆ ಕುದುರೆಲಾಳದಂಥ ಕಪ್ಪುಪಟ್ಟಿ, ಕಣ್ಣಿನ ಮೇಲೆ ಗುಲಾಬಿ ಬಣ್ಣದ ಚರ್ಮ. ಎದೆಯ ಬಿಳುಪಿನಲ್ಲಿ ಕರಿಯ ಚುಕ್ಕೆಗಳುಂಟು. ನಮ್ಮ ಬೆರಳಚ್ಚಿನಂತೆ ಒಂದರ ಚುಕ್ಕೆಗಳು ಇನ್ನೊಂದರಂತಿರುವುದಿಲ್ಲ. ಎಳೆಯ ಹಕ್ಕಿಗಳಿಗೆ ಮಾತ್ರ ಪಟ್ಟಿಯೂ ಇಲ್ಲ, ಚುಕ್ಕೆಯೂ ಇಲ್ಲ. ಅವು ಮಾಸಿದ ನೀಲಿಬೂದು ಬಣ್ಣದವು. ಅಲ್ಲಿಯ ಕೆಲಸಗಾರರು ಅವನ್ನು 'ನೀಲಿಗಳು' ಎಂದು ಕರೆಯುತ್ತಾರೆ. ಇನ್ನು ಸ್ವರವಾದರೋ ಥೇಟು ಕತ್ತೆಯದು. ಮೊದಲನೆಯ ಬೆಳಿಗ್ಗೆ ಅದನ್ನು ಕೇಳಿ, ಅಗಸರು ಯಾರಾದರೂ ಬಂದಿರಬಹುದೆಂದು ನಾವು ಹೊರಗೆ ಇಣಿಕಿ ನೋಡಿದೆವು.

ಶಾಲೆಯಲ್ಲಿ ನಾವು ಗಂಟೆ ಬಾರಿಸಿದರೆ ಆರುನೂರು ಮಕ್ಕಳು ಸಾಲಾಗಿ ನಿಲ್ಲುತ್ತಾರೆ. ಅಲ್ಲಿ ನಾವು ಒಂದನೆಯ ತರಗತಿಯವರಾದೆವು. ಇಪ್ಪತ್ತೆರಡು ವರ್ಷದ ತರುಣಿಯೊಬ್ಬಳು ನಮಗೆ ಮೇಲ್ವಿಚಾರಕಿ. ಬೆಳಿಗ್ಗೆ ಎಂಟು ಗಂಟೆಗೆ ರಬ್ಬರಿನ ಬೂಟುಗಳನ್ನೂ ಎಣ್ಣೆಬಟ್ಟೆಯ ಚಲ್ಲಣವನ್ನೂ ತೊಟ್ಟು, ಪ್ರತಿಯೊಂದು ಆವರಣಕ್ಕೆ ಹೋಗುವ ಮುಂಚೆ ಕ್ರಿಮಿನಾಶಕದ ನೀರಿನಲ್ಲಿ ಪಾದವಿಟ್ಟು, ಹಕ್ಕಿಗಳು ನಿಲ್ಲುವ ಚಾಪೆಗಳನ್ನು ಎಳೆದು ತಂದು ತಿಕ್ಕಿ ತೊಳೆದು ಒಣಗಲಿಕ್ಕೆ ಹಾಕಬೇಕು. ಅದು ಮುಗಿಯುವಷ್ಟರಲ್ಲಿ ಟವೆಲುಗಳ ರಾಶಿ. ಅದು ಮುಗಿಯುವಷ್ಟರಲ್ಲಿ ಮೀನಿನ ತಪ್ಪಲೆಗಳು. ಅಷ್ಟರಲ್ಲಿ ಮೊದಲಿನ ಚಾಪೆಗಳು ಮತ್ತೆ ಹೊಲಸಾಗಿರುತ್ತವೆ. ನಮ್ಮ ಬೋರ್ಡಿಂಗಿನ ಮಕ್ಕಳು ವಾರಕ್ಕೊಮ್ಮೆ ಸ್ನಾನದ ಮನೆಯನ್ನು ತಿಕ್ಕಲು ಹೇಳಿದರೆ ಮುಖ ಸಿಂಡರಿಸುವುದನ್ನು ನಾವು ಎಷ್ಟೋ ಸಾರಿ ಗದರಿಸಿದ್ದೇವೆ. ಮೂರನೆಯ ದಿನ ನಮ್ಮ ಸೊಂಟವು ನೆಟ್ಟಗಾಗದೆ ಹೋದಾಗ ಅವರೆಲ್ಲರ ಮುಖವೂ ಒಂದೊಂದಾಗಿ ನೆನಪಿಗೆ ಬಂದಿತು.

ಉಣಿಸುವುದು ಎರಡನೆಯ ವಾರದ ಪಾಠ. ಕಾಯಿಲೆಯ ಹಕ್ಕಿಯು ಸತ್ತ ಮೀನನ್ನು ತಾನಾಗಿ ಮುಟ್ಟುವುದಿಲ್ಲ; ಕಡಲಿನಲ್ಲಿ ಈಜುವ ಮೀನನ್ನು ಅಟ್ಟಿ ಹಿಡಿಯುವ ಜಾತಿ ಅದು. ಆದಕಾರಣ ದಪ್ಪನೆಯ ತೋಳುಗವುಸನ್ನು ತೊಟ್ಟು, ಹಕ್ಕಿಯನ್ನು ಮೊಣಕಾಲುಗಳ ಮಧ್ಯೆ ಮೆಲ್ಲಗೆ ಒತ್ತಿಹಿಡಿದು, ಎಡಗೈಯಿಂದ ತಲೆಯನ್ನು ಹಿಂದಿನಿಂದ ಹಿಡಿದು ಕೊಕ್ಕನ್ನು ತೆರೆದು, ಮೀನನ್ನು ತಲೆ ಮುಂದಾಗಿ ಒಳಗಿಡಬೇಕು. ಬಾಲ ಮುಂದಾದರೆ ಈಜುರೆಕ್ಕೆಯೂ ಹುರುಪೆಯೂ ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಕೊಕ್ಕಿನ ತುದಿಯು ಕೊಕ್ಕೆಯಂತೆ ಬಾಗಿದೆ. ಅದರ ಗುರುತು ನಮ್ಮ ಬಲಗೈಯಲ್ಲಿ ಈಗಲೂ ಉಂಟು. ಬೇಕಾದ ಬಾಲಿಕೆಯರು ಬಂದು ನೋಡಬಹುದು.

ಆ ಮೀನು ಯಾವುದೆಂದು ತಿಳಿದಾಗ ನಮಗೆ ಊರಿನ ನೆನಪಾಯಿತು. ಅದು ನಮ್ಮ ಬೂತಾಯಿಯ ಬಂಧು. ಜಾತಿ ಮಾತ್ರ ಬೇರೆ. ಅದನ್ನೂ ಆಂಚೊವಿ ಎಂಬ ಇನ್ನೊಂದು ಸಣ್ಣ ಮೀನನ್ನೂ ನಂಬಿ ಈ ಪೆಂಗ್ವಿನ್ ಬದುಕುತ್ತದೆ. ಬೂತಾಯಿ ಬಾರದ ವರ್ಷದಲ್ಲಿ ನಮ್ಮ ಮೊಗವೀರರ ಮನೆಗಳಲ್ಲಿ ಏನಾಗುತ್ತದೆಂದು ನಮ್ಮ ಶಾಲೆಯ ಶುಲ್ಕದ ಪುಸ್ತಕವನ್ನು ನೋಡಿದರೆ ತಿಳಿಯುತ್ತದೆ. ಮೀನು ಬಾರದಿದ್ದರೆ ಹಕ್ಕಿಯ ಮನೆಯಲ್ಲಿ ಏನಾಗುತ್ತದೆಂದು ಅಲ್ಲಿ ಕಂಡೆವು: ಎದೆಯ ಮೂಳೆಯು ಕತ್ತಿಯ ಅಲಗಿನಂತೆ ಕೈಗೆ ತಗಲುತ್ತಿತ್ತು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಹಕ್ಕಿಗಳು ಹತ್ತು ಲಕ್ಷಕ್ಕೂ ಮಿಗಿಲಾಗಿದ್ದವು. ಈಗ ಮರಿಮಾಡುವ ಜೋಡಿಗಳು ಹತ್ತು ಸಾವಿರಕ್ಕಿಂತಲೂ ಕಡಿಮೆ. ಇದು ಒಂದೇ ಏಟಿನಿಂದ ಆದದ್ದಲ್ಲ. ದ್ವೀಪಗಳಲ್ಲಿ ಸಾವಿರಾರು ವರ್ಷಗಳಿಂದ ಹಕ್ಕಿಯ ಹಿಕ್ಕೆಯು ಆಳವಾಗಿ ಹೆಪ್ಪುಗಟ್ಟಿತ್ತು. ಪೆಂಗ್ವಿನ್ ಅದರಲ್ಲಿ ಬಿಲ ತೋಡಿ ಬಿಸಿಲು ತಾಗದಂತೆ ಮೊಟ್ಟೆಯಿಡುತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಮನುಷ್ಯರು ಅದನ್ನು ಗೊಬ್ಬರಕ್ಕಾಗಿ ಕೆರೆದು ಹಡಗು ತುಂಬಿದರು. ಹಕ್ಕಿಗಳು ಬಯಲಿಗೆ ಬಿದ್ದವು. ತರುವಾಯ ಮೊಟ್ಟೆಗಳನ್ನು ಆಹಾರಕ್ಕಾಗಿ ಲಕ್ಷಗಟ್ಟಲೆ ಕೊಂಡೊಯ್ದರು; ಆ ವಾಡಿಕೆಯು ೧೯೬೦ರ ದಶಕದ ವರೆಗೂ ನಡೆಯಿತು. ಆ ಮೇಲೆ ದೊಡ್ಡ ಬಲೆಗಳು ಬಂದವು; ಸಮುದ್ರದ ನೀರು ಬದಲಾಗಿ ಮೀನಿನ ಹಿಂಡುಗಳು ಬೇರೆ ಕಡೆಗೆ ಸರಿದವು. ೨೦೨೪ರಲ್ಲಿ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವು ಈ ಹಕ್ಕಿಯನ್ನು ನಾಶದ ಅಂಚಿಗೆ ಬಂದಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ನಾವು ಹೋಗುವುದಕ್ಕೆ ಸ್ವಲ್ಪ ಮುಂಚೆ, ೨೦೨೫ರ ಮಾರ್ಚ್ ತಿಂಗಳಿನಲ್ಲಿ, ಪಕ್ಷಿಪಕ್ಷದವರಿಗೂ ಮೀನುಗಾರಿಕೆಯ ಉದ್ಯಮದವರಿಗೂ ರಾಜಿಯಾಗಿ, ಪೆಂಗ್ವಿನ್‌ಗಳ ಆರು ಮುಖ್ಯ ನೆಲೆಗಳ ಸುತ್ತಮುತ್ತ ಇಂತಿಷ್ಟು ಕಡಲಿನಲ್ಲಿ ಈ ಮೀನುಗಳಿಗೆ ಬಲೆ ಹಾಕಕೂಡದೆಂದು ಪ್ರಿಟೋರಿಯದ ಉಚ್ಚ ನ್ಯಾಯಾಲಯವು ಆಜ್ಞೆ ಮಾಡಿತ್ತು. ಆ ಸುದ್ದಿಯನ್ನು ಎಲ್ಲರೂ ಹಬ್ಬದ ಸುದ್ದಿಯಂತೆ ಹೇಳಿಕೊಳ್ಳುತ್ತಿದ್ದರು.

ಇವೆಲ್ಲಕ್ಕೂ ಮೇಲೆ ಎಣ್ಣೆ. ಕೇಪ್ ಭೂಶಿರವನ್ನು ಸುತ್ತಿ ಹೋಗುವ ಹಡಗುಗಳು ಲೆಕ್ಕವಿಲ್ಲದಷ್ಟು. ಪೆಂಗ್ವಿನ್ನಿನ ಗರಿಗಳು ಒತ್ತೊತ್ತಾಗಿ ಹೆಣೆದುಕೊಂಡು, ತಣ್ಣೀರು ಚರ್ಮವನ್ನು ಮುಟ್ಟದಂತೆ ತಡೆಯುತ್ತವೆ. ಅಂಗೈಯಗಲದಷ್ಟು ಎಣ್ಣೆಯು ಮೆತ್ತಿದರೂ ಆ ಹೆಣಿಗೆ ಬಿಟ್ಟುಹೋಗಿ ಚಳಿಯು ಒಳಹೊಗುತ್ತದೆ. ಹಕ್ಕಿಯು ಕೊಕ್ಕಿನಿಂದ ಗರಿಯನ್ನು ಸರಿಮಾಡಿಕೊಳ್ಳಹೋಗಿ ಎಣ್ಣೆಯನ್ನು ನುಂಗುತ್ತದೆ, ಚಳಿ ತಾಳದೆ ದಡಕ್ಕೆ ಬಂದು ನಿಲ್ಲುತ್ತದೆ, ದಡದಲ್ಲಿ ಮೀನಿಲ್ಲ, ನಿಂತಲ್ಲಿಯೇ ಸಾಯುತ್ತದೆ.

ಅಲ್ಲಿ ಹಳಬರು ಪುನಃ ಪುನಃ ಹೇಳುವ ಒಂದು ಕಥೆಯುಂಟು. ೨೦೦೦ನೆಯ ಇಸವಿಯ ಜೂನ್ ೨೩ರಂದು 'ಟ್ರೆಷರ್' ಎಂಬ ಅದಿರಿನ ಹಡಗು ಡಾಸನ್ ದ್ವೀಪಕ್ಕೂ ರಾಬನ್ ದ್ವೀಪಕ್ಕೂ ನಡುವೆ ಮುಳುಗಿತು. ರಾಬನ್ ದ್ವೀಪವೆಂದರೆ ನೆಲ್ಸನ್ ಮಂಡೇಲಾರವರು ಹದಿನೆಂಟು ವರ್ಷ ಸೆರೆಯಲ್ಲಿದ್ದ ಸ್ಥಳ. ಒಂದು ಸಾವಿರ ಟನ್ನಿಗೂ ಹೆಚ್ಚು ಎಣ್ಣೆಯು ನೀರಿಗೆ ಬಿದ್ದು, ಸುಮಾರು ೧೯,೦೦೦ ಪೆಂಗ್ವಿನ್‌ಗಳಿಗೆ ಮೆತ್ತಿಕೊಂಡಿತು. ಅವುಗಳನ್ನು ಇಡಲು ಆಸ್ಪತ್ರೆಯಲ್ಲಿ ಸ್ಥಳ ಸಾಲದೆ, ಸಾಲ್ಟ್ ರಿವರ್ ಎಂಬಲ್ಲಿ ರೈಲ್ವೆಯವರ ಒಂದು ಉಗ್ರಾಣವನ್ನು ತೆರೆಯಿಸಿದರು. ಊರಿನ ಜನರು, ಪರದೇಶದ ಜನರು, ಹನ್ನೆರಡು ಸಾವಿರಕ್ಕೂ ಮೇಲ್ಪಟ್ಟವರು ಸ್ವಂತ ಇಚ್ಛೆಯಿಂದ ಬಂದು ಬೆಚ್ಚಗಿನ ಸಾಬೂನುನೀರಿನಲ್ಲಿ ಹಕ್ಕಿಗಳನ್ನು ತೊಳೆದರು; ತಲೆಯನ್ನೂ ಕಣ್ಣಿನ ಸುತ್ತಲನ್ನೂ ಹಲ್ಲುಜ್ಜುವ ಕುಂಚದಿಂದ ಉಜ್ಜಿದರು.

ಆದರೆ ಎಣ್ಣೆ ಮೆತ್ತದಿದ್ದ ಇನ್ನೂ ೧೯,೫೦೦ ಹಕ್ಕಿಗಳು ದ್ವೀಪಗಳಲ್ಲಿದ್ದವು. ಅವು ನೀರಿಗಿಳಿದರೆ ಕೆಟ್ಟವು. ಅವುಗಳನ್ನು ಹಿಡಿದು ಲಾರಿಗಳಲ್ಲಿ ತುಂಬಿ, ಎಂಟುನೂರು ಕಿಲೊಮೀಟರಿಗೂ ದೂರದ ಪೋರ್ಟ್ ಎಲಿಜಬೆತ್ ಬಳಿಗೆ ಒಯ್ದು ಕಡಲಿಗೆ ಬಿಟ್ಟರು. ಈ ಯುಕ್ತಿಯ ಅರ್ಥವೇನಂದರೆ, ಹಕ್ಕಿಗಳು ತಮ್ಮ ದ್ವೀಪಕ್ಕೆ ಈಜಿಕೊಂಡು ಹಿಂದಿರುಗುವಷ್ಟರಲ್ಲಿ ಇಲ್ಲಿಯ ಎಣ್ಣೆಯನ್ನು ತೆಗೆದುಬಿಡಬಹುದು. ಮೂರು ಹಕ್ಕಿಗಳ ಬೆನ್ನಿಗೆ ಉಪಗ್ರಹಕ್ಕೆ ಸಂಕೇತ ಕಳುಹಿಸುವ ಸಾಧನವನ್ನು ಅಂಟಿಸಿ ಪೀಟರ್, ಪಮೆಲಾ, ಪರ್ಸಿ ಎಂದು ಹೆಸರಿಟ್ಟಿದ್ದರು. ಅವು ಈಗ ಎಲ್ಲಿ ಬಂದವೆಂದು ಊರಿಗೆ ಊರೇ ದಿನವೂ ಕೇಳಿತು. ಎರಡು ಮೂರು ವಾರಗಳಲ್ಲಿ ಅವು ಮನೆಗೆ ಮುಟ್ಟಿದವು. ಎಣ್ಣೆ ಮೆತ್ತಿದ ಹಕ್ಕಿಗಳಲ್ಲಿಯೂ ನೂರಕ್ಕೆ ತೊಂಬತ್ತರಷ್ಟು ಬದುಕಿ ಕಡಲಿಗೆ ಹೋದವು. ಆ ಕಥೆಯಲ್ಲಿ ನಮ್ಮ ಮನಸ್ಸನ್ನು ಹಿಡಿದದ್ದು ತೊಳೆಯುವವರ ಶ್ರಮವಲ್ಲ. ಅಷ್ಟು ದೂರಕ್ಕೆ ಒಯ್ದು ಬಿಟ್ಟುಬಿಡುವ ಧೈರ್ಯ. ನಾವಾಗಿದ್ದರೆ ಎಲ್ಲವನ್ನೂ ಬುಟ್ಟಿಯಲ್ಲಿ ಮುಚ್ಚಿಟ್ಟುಕೊಂಡಿರುತ್ತಿದ್ದೆವು.

ಇನ್ನು ನಮ್ಮ ತಪ್ಪಿನ ವಿಷಯ. ಅಲ್ಲಿ ಪ್ರತಿ ಹಕ್ಕಿಯ ರೆಕ್ಕೆಗೆ ಒಂದು ಸಂಖ್ಯೆಯ ಪಟ್ಟಿಯನ್ನು ಕಟ್ಟುತ್ತಾರೆ. ನಮಗೆ ವಹಿಸಿದ ಆವರಣದಲ್ಲಿ ಎಳೆಯ ನೀಲಿ ಹಕ್ಕಿಯೊಂದಿತ್ತು. ಬಹಳ ಬಡಕಲಾಗಿ ಬಂದಿತ್ತು. ಹಕ್ಕಿಗಳೊಂದಿಗೆ ಅನಾವಶ್ಯಕವಾಗಿ ಮಾತಾಡಬಾರದು, ಸವರಬಾರದು, ಕೆಲಸ ಮುಗಿದೊಡನೆ ಹೊರಗೆ ಬರಬೇಕು ಎಂಬ ನಿಯಮಗಳನ್ನು ಮೊದಲ ದಿನವೇ ನಮಗೆ ಓದಿ ಹೇಳಿದ್ದರು. ನಾವು ಕೆಳಗೆ ಸಹಿಯನ್ನೂ ಹಾಕಿದ್ದೆವು. ಆದರೂ ಈ ಹಕ್ಕಿಗೆ ಮೊದಲನೆಯ ಮೀನು, ಎಲ್ಲಕ್ಕಿಂತ ದೊಡ್ಡ ಮೀನು. ಉಣಿಸಿದ ಮೇಲೆ ಎರಡು ನಿಮಿಷ ಹೆಚ್ಚಾಗಿ ಅದನ್ನು ಹಿಡಿದುಕೊಂಡು, ಯಾರೂ ಕೇಳದಂತೆ, "ಬಾ ಮಗಾ, ಸಾಕೇ ಮಗಾ" ಎಂದು ಕನ್ನಡದಲ್ಲಿ ಮಾತಾಡಿಸುತ್ತಿದ್ದೆವು. ಪರದೇಶದಲ್ಲಿ ನಮ್ಮ ಭಾಷೆಯನ್ನು ಕೇಳುವವರು ತಂಗಿಯನ್ನು ಬಿಟ್ಟರೆ ಅದೊಂದೇ ಎಂದು ಸಮಾಧಾನ ಹೇಳಿಕೊಂಡೆವು. ನಾಲ್ಕನೆಯ ವಾರದಲ್ಲಿ ಒಂದು ಬೆಳಿಗ್ಗೆ ನಾವು ಬಾಗಿಲು ತೆಗೆದಾಗ ಮಿಕ್ಕ ಹಕ್ಕಿಗಳೆಲ್ಲ ದೂರ ಓಡಿದವು. ಅದು ಮಾತ್ರ ನಮ್ಮ ಸ್ವರವನ್ನು ಕೇಳಿ ಬಾಗಿಲಿಗೇ ಬಂದು, ಕತ್ತನ್ನು ಓರೆಮಾಡಿ ನಿಂತಿತು. ನಮ್ಮ ಸಂತೋಷಕ್ಕೆ ಪಾರವಿರಲಿಲ್ಲ. ಮೇಲ್ವಿಚಾರಕಿಯನ್ನು ಕರೆದು ತೋರಿಸಿದೆವು.

ಅವಳು ನಗಲಿಲ್ಲ. ಸ್ವಲ್ಪ ಹೊತ್ತು ನೋಡಿದಳು. ಹಕ್ಕಿಗಳನ್ನು ಕೊಳಕ್ಕೆ ಬಿಟ್ಟಾಗಲೂ ನೋಡಿದಳು. ಮಿಕ್ಕವು ಸುತ್ತಿ ಸುತ್ತಿ ಈಜಿದವು. ನಮ್ಮ ಹಕ್ಕಿಯು ಬೇಗನೆ ಮೇಲೇರಿ ಬಂದು ಬಾಗಿಲಿನ ಕಡೆಗೆ ಮುಖಮಾಡಿ ನಿಂತಿತು. ಆ ಮೇಲೆ ಅವಳು ಸೌಮ್ಯವಾಗಿಯೇ ಹೇಳಿದಳು: ಮನುಷ್ಯರ ಬಳಿಗೆ ಬರುವ ಹಕ್ಕಿಯು ದಡದಲ್ಲಿ ಎಲ್ಲರ ಬಳಿಗೂ ಹೋದೀತು, ನಾಯಿಯ ಬಳಿಗೂ ಹೋದೀತು, ಕೈಯಿಂದ ಬರುವುದನ್ನು ಕಾಯುವ ಹಕ್ಕಿಯು ಮೀನನ್ನು ಅಟ್ಟದು. "ಇದನ್ನು ಯಾರಿಗೋಸ್ಕರ ಕಲಿಸಿದಿರಿ?" ಎಂದು ಕೇಳಿದಳು. ಅದು ಬೈಗುಳಾಗಿರಲಿಲ್ಲ, ಪ್ರಶ್ನೆಯಾಗಿತ್ತು; ಅವಳು ಉತ್ತರಕ್ಕಾಗಿ ಕಾದಳು. ನಮಗೆ ಉತ್ತರ ಬರಲಿಲ್ಲ. ಆ ವಾರ ಬಿಡುಗಡೆಯಾಗತಕ್ಕ ಹಕ್ಕಿಗಳ ಪಟ್ಟಿಯಿಂದ ಅದರ ಸಂಖ್ಯೆಯನ್ನು ಹೊಡೆದುಹಾಕಿದರು. ನಮ್ಮನ್ನು ಟವೆಲು ಒಗೆಯುವ ಕೋಣೆಗೆ ಬದಲಾಯಿಸಿದರು.

ಟವೆಲು ಒಗೆಯುವ ಕೋಣೆಯಲ್ಲಿ ಯೋಚಿಸಲು ಬೇಕಾದಷ್ಟು ಸಮಯವಿರುತ್ತದೆ. ಅಲ್ಲಿ ನಮಗೆ ನೆನಪಾದದ್ದು ಹಕ್ಕಿಯಲ್ಲ, ಉಗ್ರಾಣದ ಬೀಗದಕೈ ಹಿಡಿದಿದ್ದ ನಮ್ಮ ಹುಡುಗಿ. ಅವಳಿಗೆ ಹದಿನೆಂಟು ತುಂಬಿದಾಗ ದೂರದ ಊರೊಂದರಲ್ಲಿ ದಾದಿಯರ ತರಬೇತಿಗೆ ನಾವೇ ಸೇರಿಸಿದ್ದೆವು. ಹನ್ನೊಂದನೆಯ ದಿನ ರಾತ್ರಿಯ ಬಸ್ಸು ಹಿಡಿದು, ಬೆಳಗಾಗುವಾಗ ಪೆಟ್ಟಿಗೆಯೊಂದಿಗೆ ನಮ್ಮ ಬಾಗಿಲಲ್ಲಿ ಅಳುತ್ತ ನಿಂತಿದ್ದಳು. ಏಕೆ ಬಂದೆಯೆಂದು ನಾವು ಕೇಳಲಿಲ್ಲ. "ಒಳ್ಳೆಯದಾಯಿತು ಮಗಾ, ಇದು ನಿನ್ನ ಮನೆಯೇ" ಎಂದು ಹೇಳಿ ದೋಸೆ ಹಾಕಿಕೊಟ್ಟೆವು. ಅವಳನ್ನು ತಿರುಗಿ ಕಳುಹಿಸಲು ಒಂದು ಮಾತನ್ನೂ ಆಡಲಿಲ್ಲ. ಆ ರಾತ್ರಿ ನಮಗೆ ಬಹಳ ಒಳ್ಳೆಯ ನಿದ್ರೆ ಬಂದಿತು. ತರುವಾಯ ಒಂಬತ್ತು ವರ್ಷಗಳಲ್ಲಿ ಎರಡು ಸಾರಿ ಬೇರೆ ಕೆಲಸದ ಅವಕಾಶಗಳು ಬಂದವು, ಎರಡು ಸಾರಿಯೂ "ಅವಸರವೇನು?" ಎಂದೆವು. ಅವಸರವಿದ್ದದ್ದು ಅವಳಿಗೆ, ಇಲ್ಲದಿದ್ದದ್ದು ನಮಗೆ. ಬಾಲಿಕೆಯರು ಸ್ವಂತ ಕಾಲಿನ ಮೇಲೆ ನಿಲ್ಲಬೇಕೆಂದು ಪ್ರತಿ ವಾರ್ಷಿಕೋತ್ಸವದಲ್ಲಿಯೂ ವೇದಿಕೆಯ ಮೇಲಿಂದ ಹೇಳುತ್ತಿದ್ದವರು ನಾವೇ.

ಕೊನೆಯ ವಾರದಲ್ಲಿ ಬಿಡುಗಡೆಯೊಂದನ್ನು ನೋಡುವ ಭಾಗ್ಯವು ನಮಗೆ ದೊರೆಯಿತು. ಬಿಡುವ ಮುಂಚೆ ಹಕ್ಕಿಯ ತೂಕವನ್ನು ನೋಡುತ್ತಾರೆ, ರಕ್ತವನ್ನು ಪರೀಕ್ಷಿಸುತ್ತಾರೆ, ಈಜಿಬಂದ ಮೇಲೆ ಗರಿಯ ಕೆಳಗೆ ನೀರು ಇಳಿದಿದೆಯೋ ಎಂದು ಬೆರಳಿನಿಂದ ಬಿಡಿಸಿ ನೋಡುತ್ತಾರೆ, ಅಕ್ಕಿಕಾಳಿನಷ್ಟು ಗಾತ್ರದ ಗುರುತಿನ ಚಿಪ್ಪೊಂದನ್ನು ಚರ್ಮದ ಕೆಳಗಿಟ್ಟಿರುತ್ತಾರೆ. ನಮ್ಮ ನೀಲಿ ಹಕ್ಕಿಯೂ ಎರಡು ವಾರ ಕನ್ನಡವನ್ನು ಕೇಳದೆ ಇದ್ದುದರಿಂದ ತೇರ್ಗಡೆಯಾಗಿತ್ತು. ಸೈಮನ್ಸ್ ಟೌನ್ ಎಂಬ ಊರಿನ ಬೌಲ್ಡರ್ಸ್ ದಡಕ್ಕೆ ಪೆಟ್ಟಿಗೆಗಳನ್ನು ಒಯ್ದೆವು. ಅಲ್ಲಿಗೆ ೧೯೮೨ರಲ್ಲಿ ಎರಡೇ ಜೋಡಿ ಪೆಂಗ್ವಿನ್‌ಗಳು ತಾವಾಗಿಯೇ ಬಂದು ನೆಲೆಸಿದವಂತೆ. ಈಗ ದೊಡ್ಡ ಗುಂಡುಬಂಡೆಗಳ ನಡುವೆ ಅವುಗಳದೊಂದು ಪೇಟೆಯೇ ಇದೆ.

ಪೆಟ್ಟಿಗೆಗಳನ್ನು ಕಡಲಿನ ಕಡೆಗೆ ತಿರುಗಿಸಿ ಮುಚ್ಚಳ ತೆಗೆದರು. ಹಕ್ಕಿಗಳು ಹೊರಗೆ ಬಂದು ಒಟ್ಟಾಗಿ ನಿಂತವು. ನಾವು ನಮ್ಮದನ್ನು ಹುಡುಕಿದೆವು. ಆದರೆ ರೆಕ್ಕೆಯ ಪಟ್ಟಿಗಳನ್ನು ಬಿಚ್ಚಿಯಾಗಿತ್ತು. ನೀಲಿ ಹಕ್ಕಿಗಳು ನಾಲ್ಕಿದ್ದವು. ಎಳೆಯವುಗಳ ಎದೆಯಲ್ಲಿ ಚುಕ್ಕೆಗಳಿಲ್ಲವೆಂದು ಮೊದಲೇ ಹೇಳಿದ್ದೇವಷ್ಟೆ. ಯಾವುದು ನಮ್ಮದೆಂದು ತಿಳಿಯುವ ಉಪಾಯವಿರಲಿಲ್ಲ. ಒಂದು ಕರೆ ಕರೆದಿದ್ದರೆ ತಿಳಿಯುತ್ತಿತ್ತೇನೋ. ನಾಲಿಗೆಯ ತುದಿಗೆ ಬಂದ ಮಾತನ್ನು ನುಂಗಿಕೊಂಡು ನಿಂತೆವು. ಅವು ಸ್ವಲ್ಪ ಹೊತ್ತು ಅತ್ತ ಇತ್ತ ನೋಡಿದವು. ಒಂದು ದೊಡ್ಡ ಹಕ್ಕಿಯು ಮುಂದಾಯಿತು. ಮಿಕ್ಕವು ಅದರ ಹಿಂದೆ ಹೆಜ್ಜೆಯಿಟ್ಟವು. ಅಲೆಯು ಬಂದಿತು. ಅಲೆಯು ಹಿಂದಕ್ಕೆ ಹೋದಾಗ ಮರಳಿನ ಮೇಲೆ ಯಾವುದೂ ಇರಲಿಲ್ಲ.

ಮೇ ತಿಂಗಳ ಕೊನೆಯಲ್ಲಿ ಊರಿಗೆ ಬಂದೆವು. ಉಗ್ರಾಣದ ಲೆಕ್ಕವು ಒಂದು ಪೈಸೆಯೂ ತಪ್ಪದೆ ಬರೆದಿತ್ತು. ರಾತ್ರಿ ಊಟವಾದ ಮೇಲೆ ಆ ಹುಡುಗಿಯನ್ನು ಕರೆದು ಕುಳ್ಳಿರಿಸಿ, ಒಂಬತ್ತು ವರ್ಷಗಳ ಹಿಂದೆ ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳಿದೆವು: "ಅಂದು ಏಕೆ ಹಿಂದಿರುಗಿ ಬಂದೆ?" ಅವಳು ಹೆದರಿದ್ದಳೆಂದೋ, ಮನೆಯ ನೆನಪು ಕಾಡಿತೆಂದೋ ಹೇಳುವಳೆಂದು ನಾವು ಎಣಿಸಿದ್ದೆವು. ಅವಳು ಬಹಳ ಹೊತ್ತು ತಲೆ ತಗ್ಗಿಸಿ ಕುಳಿತಿದ್ದು, "ಅಲ್ಲಿ ಯಾರಿಗೂ ನಾನು ಬೇಕಾಗಿರಲಿಲ್ಲ ಟೀಚರ್, ಇಲ್ಲಿ ನಿಮಗೆ ಬೇಕಾಗಿತ್ತು. ನೀವೊಬ್ಬರೇ ಊಟ ಮಾಡುವುದು ಕಣ್ಣಿಗೆ ಬರುತ್ತಿತ್ತು" ಎಂದಳು.

ಹಕ್ಕಿಯನ್ನು ಹಿಡಿದಿಟ್ಟುಕೊಂಡವರು ನಾವೆಂದು ಪಶ್ಚಾತ್ತಾಪಪಟ್ಟೆವು. ಹಕ್ಕಿಯು ನಮ್ಮ ಮೇಲಿನ ಕನಿಕರದಿಂದ ತಾನಾಗಿಯೇ ಉಳಿದಿತ್ತು. ಎರಡರಲ್ಲಿ ಯಾವುದು ಹೆಚ್ಚಿನ ತಪ್ಪೆಂದು ನಾವು ಇನ್ನೂ ನಿರ್ಣಯಿಸಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳೇ ಕೇಳಿದಳು: "ಈಗ ಒಬ್ಬರೇ ಇರಲಿಕ್ಕೆ ಬರುತ್ತದೆಯೇ ನಿಮಗೆ?" ಆರು ವಾರ ಔಷಧಿಯನ್ನು ಒಂದು ದಿನವೂ ಮರೆತಿರಲಿಲ್ಲವೆಂದು ತೋರಿಸಲು ಖಾಲಿಯಾದ ಗುಳಿಗೆಯ ಪಟ್ಟಿಗಳನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟೆವು. ಅವಳು ಎಣಿಸಿ ನೋಡಿದಳು.

ಜುಲೈ ತಿಂಗಳಿನಲ್ಲಿ ಅವಳಿಗೆ ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ಉಗ್ರಾಣದ ಲೆಕ್ಕ ನೋಡುವ ಕೆಲಸವು ದೊರೆಯಿತು. ಅವಳ ಲೆಕ್ಕದ ಪುಸ್ತಕವನ್ನು ನೋಡಿ ಅಲ್ಲಿಯವರು ಬಹಳ ಮೆಚ್ಚಿದರಂತೆ. ಮೊದಲು ದಿನವೂ ಫೋನ್ ಮಾಡುತ್ತಿದ್ದಳು. ಆ ಮೇಲೆ ಭಾನುವಾರಗಳಲ್ಲಿ ಮಾತ್ರ. ಕಳೆದ ಭಾನುವಾರ ಕರೆ ಬರಲಿಲ್ಲ. ನಾವು ಎರಡು ಸಾರಿ ಫೋನನ್ನು ಕೈಗೆತ್ತಿಕೊಂಡು, ಎರಡು ಸಾರಿಯೂ ಅಲ್ಲಿಯೇ ಇಟ್ಟೆವು. ಸೋಮವಾರ ಅವಳೇ ಮಾತಾಡಿದಳು: ಜೊತೆಯ ಕೆಲಸದವರೊಂದಿಗೆ ಜೋಗಕ್ಕೆ ಹೋಗಿದ್ದಳಂತೆ, ನೀರು ತುಂಬಾ ಇತ್ತಂತೆ.

ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿನಿಯರಿಗೆ ಒಂದು ಮಾತು. ಪ್ರತಿ ವರ್ಷವೂ ನಿಮ್ಮಲ್ಲಿ ಯಾರಾದರೊಬ್ಬರು ಗೇಟಿನ ಬಳಿ ನಮ್ಮ ಕೈ ಹಿಡಿದುಕೊಂಡು, ಇಷ್ಟು ವರ್ಷ ಬರಲಾಗಲಿಲ್ಲ, ಕಾಗದ ಬರೆಯಲಾಗಲಿಲ್ಲ, ಕ್ಷಮಿಸಬೇಕು ಎನ್ನುತ್ತೀರಿ. ಇಷ್ಟು ದಿನ ನಾವು ಅದನ್ನು ಗಂಭೀರವಾಗಿ ಕೇಳಿ, ದೊಡ್ಡ ಮನಸ್ಸಿನಿಂದ ಕ್ಷಮಿಸುತ್ತಿದ್ದೆವು. ಇನ್ನು ಮೇಲೆ ಆ ಕ್ಷಮಾಪಣೆಯನ್ನು ಯಾರೂ ಹೇಳತಕ್ಕದ್ದಿಲ್ಲ. ಬಂದರೆ ಬೋರ್ಡಿಂಗಿನಲ್ಲಿ ಊಟವುಂಟು; ಶನಿವಾರವಾದರೆ ಬೂತಾಯಿಯ ಸಾರೂ ಉಂಟು. ಬಾರದಿದ್ದರೆ, ನೀವು ಇರುವಲ್ಲಿ ನಿಮಗೆ ಕೆಲಸ ಬಹಳವಿದೆಯೆಂದು ತಿಳಿದುಕೊಳ್ಳುತ್ತೇವೆ.